ಸಾಲಿಟೇರ್ ನಿಜವಾದ ಎಲೆಯಲ್ಲಿ ಆಡೋದು ಹೇಗೆ? ಅಮ್ಮನಿಗೆ ಕಲಿಸಬೇಕು, ನಾನೇ ಸೋಲ್ತಾ ಇದ್ದೀನಿ

ಹೊಸಎಲೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಇನ್ನೂ ಕೆಲವು ವಾರ ಹೆಚ್ಚು ಓಡಾಡೋ ಹಾಗಿಲ್ಲ. ಮೊಬೈಲ್ ಹಿಡಿದರೆ ಕಣ್ಣುರಿ ಅಂತಾರೆ, ಟಿವಿ ಬೇಜಾರು ಅಂತಾರೆ. ರಮ್ಮಿ ಚೆನ್ನಾಗಿ ಆಡ್ತಾರೆ, ಆದರೆ ಹಗಲು ಹೊತ್ತು ಜೊತೆಗೆ ಕೂರೋರು ಯಾರೂ ಇಲ್ಲ. ಹಾಗಾಗಿ ಒಬ್ಬರೇ ಆಡೋ ಸಾಲಿಟೇರ್ ಕಲಿಸೋಣ ಅಂತ ಒಂದು ಕಟ್ಟು ಇಸ್ಪೀಟು ತಂದಿದ್ದೀನಿ.

ಕಂಪ್ಯೂಟರಿನಲ್ಲಿ ಆಡಿ ಗೊತ್ತು. ಅಲ್ಲಿ ಹಂಚೋದು, ಮಗುಚೋದು, ತಪ್ಪು ಎಲೆ ವಾಪಸ್ ಕಳಿಸೋದು ಎಲ್ಲ ಅದೇ ಮಾಡ್ತಿತ್ತು. ಕೈಯಲ್ಲಿ ಕಟ್ಟು ಹಿಡಿದ ಮೇಲೆ ಎಷ್ಟು ಮರೆತಿದ್ದೀನಿ ಅಂತ ಗೊತ್ತಾಯ್ತು. ನಿನ್ನೆ ರಾತ್ರಿ ಹನ್ನೊಂದು ಆಟ ಹಾಕಿದೆ, ಹನ್ನೊಂದೂ ಸೋತೆ. ಸರಿಯಾಗಿ ಹಾಸೋದು ಹೇಗೆ, ಮತ್ತೆ ಈ ಸೋಲು ನನ್ನ ತಪ್ಪೋ ಎಲೆ ಬಿದ್ದ ರೀತಿಯೋ, ಇವೆರಡು ಯಾರಾದರೂ ಬಿಡಿಸಿ ಹೇಳ್ತೀರಾ? ಅಮ್ಮನ ಕೈಗೆ ಕೊಡೋ ಮೊದಲು ನನಗೆ ಗೊತ್ತಿರಬೇಕು.

ಹಳೇಕಟ್ಟು

ಒಳ್ಳೆ ಕೆಲಸ ಮಾಡ್ತಿದ್ದೀರಮ್ಮ. ಜೋಕರ್ ತೆಗೆದಿಡಿ, 52 ಎಲೆ ಇರಲಿ.

ಸಾಲಿಟೇರ್ ಅನ್ನೋದು ಒಂದೇ ಆಟ ಅಲ್ಲ, ಒಬ್ಬರೇ ಆಡೋ ಆಟಗಳ ದೊಡ್ಡ ಬಳಗ. ನೀವು ಕಂಪ್ಯೂಟರಿನಲ್ಲಿ ಆಡಿದ್ದರ ಹೆಸರು ಕ್ಲಾಂಡೈಕ್. ಅದಕ್ಕೆ ಏಳು ಸಾಲು. ಎಡದಿಂದ ಬಲಕ್ಕೆ ಒಂದನೇ ಸಾಲಿಗೆ ಒಂದು ಎಲೆ, ಎರಡನೇದಕ್ಕೆ ಎರಡು, ಹೀಗೆ ಏಳನೇದಕ್ಕೆ ಏಳು. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ಅಂಗಾತ, ಉಳಿದದ್ದೆಲ್ಲ ಕವುಚಿ. ಒಟ್ಟು 28 ಎಲೆ ಹಾಸಿದಂತಾಯ್ತು. ಮಿಕ್ಕ 24 ಎಲೆಯ ಕಟ್ಟನ್ನು ಕವುಚಿ ಪಕ್ಕಕ್ಕಿಡಿ. ಸಾಲುಗಳ ಮೇಲ್ಗಡೆ ನಾಲ್ಕು ಎಲೆ ಕೂರುವಷ್ಟು ಜಾಗ ಬಿಡಿ, ಅವು ನಾಲ್ಕು ಜಾತಿಯ ಮನೆಗಳು.

ಮನೆ ಕಟ್ಟೋದು ಎಕ್ಕದಿಂದ ಮೇಲಕ್ಕೆ: ಎಕ್ಕ, ಎರಡು, ಮೂರು, ಕೊನೆಗೆ ಗುಲಾಮ, ರಾಣಿ, ರಾಜ. ಒಂದು ಮನೆಯಲ್ಲಿ ಒಂದೇ ಜಾತಿ. ಸಾಲಿನಲ್ಲಿ ಕಟ್ಟೋದು ಇದಕ್ಕೆ ಉಲ್ಟಾ, ಇಳಿಕೆಯಲ್ಲಿ, ಬಣ್ಣ ಬದಲಿಸುತ್ತಾ. ಕರಿ ಒಂಬತ್ತರ ಮೇಲೆ ಕೆಂಪು ಎಂಟು, ಅದರ ಮೇಲೆ ಕರಿ ಏಳು. ಹೀಗೆ ಕೂತ ಸರಪಳಿಯನ್ನು ಒಟ್ಟಿಗೆ ಎತ್ತಿ ಇನ್ನೊಂದು ಸಾಲಿಗೆ ಹಾಕಬಹುದು. ಅಂಗಾತ ಇದ್ದದ್ದು ಹೋಗಿ ಕವುಚಿದ ಎಲೆ ತುದಿಗೆ ಬಂದರೆ ಅದನ್ನು ಮಗುಚಿ. ಸಾಲು ಪೂರಾ ಖಾಲಿಯಾದರೆ ಅಲ್ಲಿಗೆ ರಾಜ ಮಾತ್ರ, ಅಥವಾ ರಾಜನಿಂದ ಶುರುವಾಗುವ ಸರಪಳಿ. ಬೇರೆ ಯಾವ ಎಲೆಗೂ ಆ ಜಾಗ ಇಲ್ಲ.

ನಡೆ ಮುಗಿದಾಗ ಪಕ್ಕದ ಕಟ್ಟಿನಿಂದ ಎಲೆ ತೆರೆದು ಗುಡ್ಡೆ ಹಾಕ್ತಾ ಹೋಗಬೇಕು. ಗುಡ್ಡೆಯ ಮೇಲಿನ ಎಲೆ ಯಾವಾಗ ಬೇಕಾದರೂ ಬಳಸಬಹುದು. ಕಟ್ಟು ಮುಗಿದರೆ ಗುಡ್ಡೆಯನ್ನು ಹಾಗೇ ಕವುಚಿ ಮತ್ತೆ ಶುರು. ನಡುವೆ ಕಲೆಸೋ ಹಾಗಿಲ್ಲ, ಇದು ಮುಖ್ಯ.

ಕೆಂಪುರಾಣಿ

ರಮ್ಮಿ ಆಡಿದವರಿಗೆ ಮೊದಲ ದಿನ ಒಂದು ಕಡೆ ಎಡವಟ್ಟಾಗುತ್ತೆ. ರಮ್ಮಿಯಲ್ಲಿ ಒಂದೇ ಜಾತಿಯ ಎಲೆ ಜೋಡಿಸಿ ಅಭ್ಯಾಸ. ಇಲ್ಲಿ ಸಾಲಿನಲ್ಲಿ ಜಾತಿ ನೋಡೋ ಹಾಗಿಲ್ಲ, ಬಣ್ಣ ಮಾತ್ರ. ಇಸ್ಪೀಟು, ಕಳಾವರ್ ಕರಿ. ಆಟೀನು, ಡೈಮಂಡ್ ಕೆಂಪು. ಅಮ್ಮನಿಗೆ ಇದನ್ನೇ ಮೊದಲು ಹೇಳಿ.

ಹೊಸಎಲೆ

ಹಳೇಕಟ್ಟು ಸರ್, ತುಂಬಾ ಥ್ಯಾಂಕ್ಸ್. ಈಗಲೇ ಒಂದು ತಪ್ಪು ಗೊತ್ತಾಯ್ತು. ಖಾಲಿ ಸಾಲಿಗೆ ಕೈಗೆ ಸಿಕ್ಕ ಎಲೆ ಹಾಕ್ತಿದ್ದೆ. ಹಾಗೆ ಆಡಿಯೂ ಸೋತಿದ್ದೆ! ಇನ್ನೊಂದು ಅನುಮಾನ: ಕಟ್ಟಿನಿಂದ ಒಂದೊಂದೇ ಎಲೆ ತೆಗೆಯೋದಾ, ಮೂರು ಮೂರಾ?

ಕವುಚಿದಎಲೆ

ಎರಡೂ ಇದೆ. ಅಮ್ಮನಿಗೆ ಒಂದೊಂದೇ ಕಲಿಸಿ. ಕೈ ಕುದುರಿದ ಮೇಲೆ ಮೂರು.

ಆದರೆ ಮೂರರ ಆಟದ ಸ್ವಾರಸ್ಯ ಬೇರೆ, ಅದರ ಬಗ್ಗೆ ಸ್ವಲ್ಪ ಬರೀಲೇಬೇಕು. ಬಹಳ ಜನ ಅದನ್ನು ಬರೀ ಅದೃಷ್ಟ ಅಂತ ಬಿಟ್ಟುಬಿಡ್ತಾರೆ, ಹಾಗಲ್ಲ. ಮೂರು ಎಲೆ ಒಟ್ಟಿಗೆ ತೆರೆದರೆ ಮೇಲಿನದೊಂದೇ ಬಳಸಬಹುದು, ಅದು ಹೋದರೆ ಕೆಳಗಿನದು. 24 ಎಲೆಯ ಕಟ್ಟಿನಲ್ಲಿ ಮೊದಲ ಸುತ್ತಿಗೆ ಕೈಗೆ ಸಿಗೋದು 3, 6, 9, 12, 15, 18, 21, 24ನೇ ಎಲೆಗಳು. ಏನನ್ನೂ ತೆಗೆಯದಿದ್ದರೆ ಎರಡನೇ ಸುತ್ತಿನಲ್ಲೂ ಅವೇ ಎಂಟು, ನೂರನೇ ಸುತ್ತಿನಲ್ಲೂ ಅವೇ ಎಂಟು.

ಈಗ 3ನೇ ಎಲೆ ಒಂದನ್ನು ಬಳಸಿದಿರಿ ಅನ್ನಿ. ಮುಂದಿನ ಸುತ್ತಿನಲ್ಲಿ ಲೆಕ್ಕ ಪೂರ್ತಿ ಒಂದು ಹೆಜ್ಜೆ ಸರಿಯುತ್ತೆ. ಮೊದಲಿನ 4, 7, 10, 13, 16, 19, 22ನೇ ಎಲೆಗಳು ಮೇಲೆ ಬರುತ್ತವೆ, ಕೊನೆಗೆ 24. ಅಂದರೆ ಅಡಗಿ ಕೂತಿದ್ದ ಏಳು ಹೊಸ ಎಲೆ ಒಂದೇ ನಡೆಯಿಂದ ಕೈಗೆ ಬಂತು. ಅದೇ, ಕಟ್ಟಿನ ಕೊನೆಯ 24ನೇ ಎಲೆ ಬಳಸಿದರೆ? ಮುಂದಿನದು ಏನೂ ಸರಿಯಲ್ಲ, 23ನೇದೊಂದು ಹೊಸದಾಗಿ ಸಿಗುತ್ತೆ, ಅಷ್ಟೇ.

ಹಾಗಾಗಿ ಮೊದಲ ಸುತ್ತಿನಲ್ಲಿ ನಾನು ಅನಿವಾರ್ಯ ಅಲ್ಲದಿದ್ದರೆ ಕಟ್ಟಿನಿಂದ ಏನೂ ಎತ್ತಲ್ಲ. ಏನೇನಿದೆ ಅಂತ ಒಮ್ಮೆ ನೋಡ್ಕೋತೀನಿ. ಎರಡನೇ ಸುತ್ತಿನಲ್ಲಿ, ಯಾವ ಎಲೆ ಎತ್ತಿದರೆ ನನಗೆ ಬೇಕಾದ್ದು ಮೇಲೆ ಬರುತ್ತೆ ಅಂತ ಯೋಚಿಸಿ ಎತ್ತೋದು. ಮುಂದೆ ಯಾವುದೋ ಎಕ್ಕ ಸರಿಯಾಗಿ ಮೇಲೆ ಬರ್ತಿದೆ ಅಂತಿದ್ದರೆ, ಅದಕ್ಕಿಂತ ಮೊದಲು ಬರೋ ಎಲೆ ಮುಟ್ಟಿದರೆ ಮುಂದಿನ ಸುತ್ತಿಗೆ ಆ ಎಕ್ಕ ಒಳಗೆ ಹೋಗಿಬಿಡಬಹುದು. ಸಿಕ್ಕಾಗಲೇ ತಗೊಂಡು ಆಮೇಲೆ ಉಳಿದದ್ದು.

ಸಂಜೆಆಟ

ಇದನ್ನು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಈಗಲೇ ಎಲೆ ಹಾಸಿ ನೋಡಿದೆ, ಹೌದು, ಹಾಗೇ ಸರಿಯುತ್ತೆ.

ಹಳೇಕಟ್ಟು

ಸೋಲಿನ ಪ್ರಶ್ನೆಗೆ ಬರ್ತೀನಿ. ಹಾಸಿದ 28ರಲ್ಲಿ 21 ಎಲೆ ಕವುಚಿರುತ್ತೆ. ಆಟ ಇರೋದೇ ಆ 21ನ್ನು ತೆರೆಯೋದರಲ್ಲಿ. ಹೊಸಬರು ಮನೆ ಕಟ್ಟೋ ಅವಸರದಲ್ಲಿ ಇದನ್ನು ಮರೀತಾರೆ. ಪ್ರತಿ ನಡೆಗೂ ಮೊದಲು ಕೇಳ್ಕೊಳ್ಳಿ: ಇದರಿಂದ ಕವುಚಿದ್ದು ಒಂದು ತೆರೆಯುತ್ತಾ? ಇಲ್ಲ ಅಂದರೆ ಆ ನಡೆ ಕಾಯಬಹುದು.

ಒಂದು ಕರಿ ಎಂಟು ಇದೆ, ಕೆಂಪು ಏಳು ಎರಡಿವೆ, ಒಂದು ಎರಡನೇ ಸಾಲಲ್ಲಿ, ಇನ್ನೊಂದು ಏಳನೇ ಸಾಲಲ್ಲಿ ಅನ್ನಿ. ಎರಡರಲ್ಲಿ ಒಂದನ್ನೇ ಸರಿಸೋಕಾಗೋದು. ಏಳನೇ ಸಾಲಿಂದನ್ನೇ ಸರಿಸಿ. ಅಲ್ಲಿ ಆರು ಎಲೆ ಬಚ್ಚಿಟ್ಟುಕೊಂಡಿವೆ, ಎರಡನೇದರಲ್ಲಿ ಒಂದೇ. ದೊಡ್ಡ ಸಾಲಿನ ಕೆಲಸ ತಡಮಾಡಿದಷ್ಟೂ ಕಷ್ಟ.

ಇನ್ನು ಸಾಲು ಖಾಲಿ ಮಾಡೋ ಚಪಲ. ಕೂರಿಸೋಕೆ ರಾಜ ಸಿದ್ಧ ಇಲ್ಲದೆ ಖಾಲಿ ಮಾಡಿದರೆ ಆ ಜಾಗ ಸತ್ತ ಜಾಗ. ಏಳು ಸಾಲಿನ ಆಟ ಆರು ಸಾಲಿಗೆ ಇಳಿಯುತ್ತೆ.

ಕೆಂಪುರಾಣಿ

ಮನೆ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಹಳೇಕಟ್ಟು ಸರ್. ಮನೆಗೆ ಹೋಗೋ ಎಲೆಯನ್ನು ಸಾಲಲ್ಲೇ ಇಟ್ಟುಕೊಂಡು ಯಾಕೆ ಕಾಯಬೇಕು? ನಾನು ಸಿಕ್ಕ ಸಿಕ್ಕದ್ದನ್ನೆಲ್ಲ ಮೇಲೆ ಹಾಕ್ತೀನಿ, ಗೆದ್ದೂ ಇದ್ದೀನಿ.

ಹಳೇಕಟ್ಟು

ಗೆಲ್ಲಬಹುದಮ್ಮ, ಇಲ್ಲ ಅನ್ನಲ್ಲ. ಆದರೆ ಕೆಂಪು ಐದನ್ನು ಮನೆಗೆ ಕಳಿಸಿದ ಮೇಲೆ ಕರಿ ನಾಲ್ಕು ಬಂತು ಅಂದರೆ ಎಲ್ಲಿ ಕೂರಿಸ್ತೀರಿ? ಆ ನಾಲ್ಕರ ಕೆಳಗೇ ಬೇಕಾದ ಎಲೆ ಇದ್ದರೆ? ಎಕ್ಕ ಮತ್ತು ಎರಡು ಯಾವಾಗಲೂ ತಕ್ಷಣ ಕಳಿಸಿ, ಯಾಕಂದರೆ ಎರಡರ ಮೇಲೆ ಕೂರಬಹುದಾದ್ದು ಎಕ್ಕ ಮಾತ್ರ, ಎಕ್ಕಕ್ಕೆ ಸಾಲಿನ ಹಂಗಿಲ್ಲ. ಮೂರರಿಂದ ಮೇಲಕ್ಕೆ ನಾನು ಇಟ್ಟುಕೊಂಡಿರೋ ಲೆಕ್ಕ ಇದು: ಕೆಂಪು ಐದನ್ನು ಕಳಿಸೋ ಮುಂಚೆ ಎರಡೂ ಕರಿ ನಾಲ್ಕು ಮನೆ ಸೇರಿದ್ದಾವಾ ನೋಡು. ಸೇರಿದ್ದರೆ ಆ ಐದರಿಂದ ಸಾಲಲ್ಲಿ ಯಾರಿಗೂ ಉಪಯೋಗ ಇಲ್ಲ, ನಿಶ್ಚಿಂತೆಯಿಂದ ಕಳಿಸು. ಸೇರಿಲ್ಲ ಅಂದರೆ, ಕಳಿಸೋದರಿಂದ ಕವುಚಿದ್ದೊಂದು ತೆರೆಯೋ ಹಾಗಿದ್ದರೆ ಮಾತ್ರ.

ಕೆಂಪುರಾಣಿ

ಹ್ಞಾಂ, ಕರಿ ನಾಲ್ಕಕ್ಕೆ ಜಾಗ ಇಲ್ಲದೆ ಸಿಕ್ಕಿಹಾಕ್ಕೊಂಡಿದ್ದು ನೆನಪಿದೆ. ಆದರೆ ಮನೆಯಿಂದ ಎಲೆ ಕೆಳಗೆ ಇಳಿಸಬಹುದಲ್ವಾ?

ಇಲಿಬಾಲ

ಇಳಿಸಬಹುದು. ವಿಂಡೋಸಿನ ಹಳೇ ಸಾಲಿಟೇರ್‌ನಲ್ಲಿ ಅದಕ್ಕೆ 15 ಅಂಕ ಕಡಿತ ಇತ್ತು, ಎಲೆ ಮನೆಗೆ ಹೋದರೆ 10 ಅಂಕ ಬರ್ತಿತ್ತು. ಅಂದರೆ ನಿಯಮದಲ್ಲಿ ಒಪ್ಪಿಗೆ ಇದೆ, ಆದರೆ ದಂಡ ಕಟ್ಟಿ. ಕೈಯಲ್ಲಿ ಆಡುವಾಗ ಇಳಿಸಬಹುದೋ ಇಲ್ಲವೋ ಅಂತ ಆಟದ ಮೊದಲೇ ತೀರ್ಮಾನ ಮಾಡ್ಕೊಳ್ಳಿ, ನಡುವೆ ಬದಲಿಸಿದರೆ ಗೆದ್ದ ಖುಷಿ ಇರಲ್ಲ.

ಆ ಆಟ 1990ರಲ್ಲಿ ವಿಂಡೋಸ್ 3.0 ಜೊತೆ ಬಂತು. ಬರೆದದ್ದು ವೆಸ್ ಚೆರಿ, ಮೈಕ್ರೋಸಾಫ್ಟಿನಲ್ಲಿ ತರಬೇತಿಗೆ ಸೇರಿದ್ದಾಗ. ಎಲೆಗಳ ಚಿತ್ರ ಸೂಸನ್ ಕೇರ್ ಅವರದು. ಮೌಸ್ ಹೊಸದಾಗಿದ್ದ ಕಾಲದಲ್ಲಿ ಎಲೆ ಹಿಡಿದು ಎಳೆದು ಬಿಡೋದನ್ನು ಎಷ್ಟೋ ಜನ ಅದರಲ್ಲೇ ಕಲಿತದ್ದು. ನನ್ನ ಕೈಗೆ ಮೌಸ್ ಹಿಡಿಸಿದ್ದೂ ಅದೇ, ಹಾಗಾಗಿ ಈ ಚರ್ಚೆ ನೋಡಿ ಬರೆಯದೆ ಇರೋಕೆ ಆಗಲಿಲ್ಲ.

ಲೆಕ್ಕದಮೇಷ್ಟ್ರು

ಹಳೇಕಟ್ಟು ಅವರು 21 ಎಲೆಯ ಮಾತು ಹೇಳಿದರು. ಅದಕ್ಕೆ ಒಂದು ಸುಂದರವಾದ ಕಾರಣವಿದೆ. ಒಂದೊಂದೇ ಎಲೆ ತೆಗೆಯುವ, ಎಷ್ಟು ಸುತ್ತು ಬೇಕಾದರೂ ಬರಬಹುದಾದ ಆಟದಲ್ಲಿ ಆ 21 ಎಲೆಯೂ ತೆರೆದವೆಂದರೆ ಗೆಲುವು ಖಚಿತ. ಹೇಗೆಂದರೆ, ಇನ್ನೂ ಮನೆ ಸೇರದ ಎಲೆಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ತೆಗೆದುಕೊಳ್ಳಿ. ಅದು ಕಟ್ಟಿನಲ್ಲಿದ್ದರೆ ತೆರೆಯುತ್ತಾ ಹೋದಾಗ ಸಿಕ್ಕೇ ಸಿಗುತ್ತದೆ. ಸಾಲಿನಲ್ಲಿದ್ದರೆ ಅದರ ಮೇಲೆ ಕೂತಿರಲು ಸಾಧ್ಯವಿರುವುದು ಅದಕ್ಕಿಂತ ಸಣ್ಣ ಎಲೆ ಮಾತ್ರ. ಆದರೆ ಸಣ್ಣವೆಲ್ಲ ಆಗಲೇ ಮನೆಯಲ್ಲಿವೆ. ಹಾಗಾಗಿ ಅದು ತುದಿಯಲ್ಲೇ ಇರಬೇಕು, ನೇರ ಮನೆಗೆ ಹೋಗುತ್ತದೆ. ಆಮೇಲೆ ಉಳಿದವುಗಳಲ್ಲಿ ಸಣ್ಣದು, ಹೀಗೆ 52ರವರೆಗೆ.

ಇನ್ನು ಹೊಸಎಲೆಯವರ ಹನ್ನೊಂದು ಸೋಲು. ಮೂರು ಮೂರು ತೆಗೆಯುವ ಕ್ಲಾಂಡೈಕ್‌ನಲ್ಲಿ, ಎಲ್ಲ ಕವುಚಿದ ಎಲೆಯೂ ಯಾವುದೆಂದು ಮೊದಲೇ ಗೊತ್ತಿದ್ದರೆ, ನೂರಕ್ಕೆ ಸುಮಾರು 82 ಆಟ ಗೆಲ್ಲಬಹುದಾದವು ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿದ್ದಾರೆ. ಉಳಿದವನ್ನು ಯಾರು ಆಡಿದರೂ ಗೆಲ್ಲಲಾಗದು. ನಮಗೆ ಕವುಚಿದ್ದು ಕಾಣುವುದಿಲ್ಲ, ಆದ್ದರಿಂದ ನಮ್ಮ ಗೆಲುವು ಅದಕ್ಕಿಂತ ಎಷ್ಟೋ ಕಡಿಮೆ. ಒಳ್ಳೆಯ ಆಟಗಾರರೂ ಸಾಲಾಗಿ ಸೋಲುತ್ತಾರೆ. ಆದ್ದರಿಂದ ಸೋತ ಆಟದ ಲೆಕ್ಕ ಇಡುವ ಬದಲು ಎಷ್ಟು ಎಲೆ ಕವುಚಿ ಉಳಿದವು ಎಂದು ಎಣಿಸಿ. ಮೊದಲ ದಿನ ಹನ್ನೆರಡು ಉಳಿದು ಮುಂದಿನ ವಾರ ಐದು ಉಳಿದರೆ, ನೀವು ಕಲಿಯುತ್ತಿದ್ದೀರಿ ಎಂದರ್ಥ.

ತಾಯಿಯವರು ಚೇತರಿಸಿಕೊಳ್ಳುತ್ತಿದ್ದಾರೆ ಎಂದಿರಿ, ಅದಕ್ಕೆ ಇದನ್ನು ಹೇಳಲೇಬೇಕು. 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞ ಕಾಯಿಲೆಯಿಂದ ಸುಧಾರಿಸಿಕೊಳ್ಳುತ್ತಾ ಕ್ಯಾನ್‌ಫೀಲ್ಡ್ ಎಂಬ ಸಾಲಿಟೇರ್ ಆಡುತ್ತಿದ್ದರು. ಗೆಲ್ಲುವ ಸಾಧ್ಯತೆ ಎಷ್ಟು ಎಂದು ಸೂತ್ರದಿಂದ ಕಂಡುಹಿಡಿಯಲು ಹೊರಟು, ಅದಕ್ಕಿಂತ ನೂರು ಸಲ ಆಡಿ ಗೆದ್ದದ್ದನ್ನು ಎಣಿಸುವುದೇ ಸುಲಭವಲ್ಲವೇ ಎಂದು ಅವರಿಗೆ ಹೊಳೆಯಿತು. ಆ ಯೋಚನೆಯನ್ನು ಜಾನ್ ವಾನ್ ನಾಯ್ಮನ್ ಜೊತೆ ಸೇರಿ ಪರಮಾಣು ಭೌತಶಾಸ್ತ್ರದ ಲೆಕ್ಕಗಳಿಗೆ ಬಳಸಿದರು. ಇಂದು ವಿಜ್ಞಾನದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಮಾಂಟೆ ಕಾರ್ಲೊ ವಿಧಾನ ಹುಟ್ಟಿದ್ದು ಹೀಗೆ. ಪಾಠ ಮಾಡುವಾಗ ನಾನು ಪ್ರತಿ ವರ್ಷ ಇದನ್ನು ಹೇಳುತ್ತೇನೆ.

ಹೊಸಎಲೆ

ಮೇಷ್ಟ್ರೇ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಎದ್ದು ಕೂತು ಕೇಳಿದರು.

ನಿನ್ನೆ ಒಂದೊಂದೇ ಎಲೆಯ ಆಟ ಕಲಿಸಿದೆ, ಬೇಗ ಹಿಡ್ಕೊಂಡ್ರು. ನಾನು ಮಾತ್ರ ಮೂರರ ಆಟ ಹಾಕಿ ಈಗ ಒಂದು ಕಡೆ ನಿಂತಿದ್ದೀನಿ. ಎಲೆ ಎತ್ತಿಲ್ಲ, ಹಾಗೇ ಬಿಟ್ಟಿದ್ದೀನಿ. ಒಂದನೇ ಸಾಲು ಖಾಲಿ. ಗುಡ್ಡೆ ಮೇಲೆ ಕಳಾವರ್ ರಾಜ. ಐದನೇ ಸಾಲಲ್ಲಿ ಮೂರು ಕವುಚಿದ ಎಲೆ, ತುದಿಯಲ್ಲಿ ಆಟೀನು ರಾಜ. ಮೂರನೇ ಸಾಲಲ್ಲಿ ಎರಡು ಕವುಚಿದ್ದು, ಆಮೇಲೆ ಇಸ್ಪೀಟು ರಾಣಿ, ಅವಳ ಮೇಲೆ ಡೈಮಂಡ್ ಗುಲಾಮ. ಕೆಂಪು ರಾಣಿ ಎರಡೂ ಇನ್ನೂ ಕಂಡಿಲ್ಲ. ಗುಡ್ಡೆಯ ರಾಜನನ್ನು ಇಳಿಸಿದರೆ ಗುಡ್ಡೆ ಲೆಕ್ಕ ಸರಿಯುತ್ತೆ, ಹೊಸ ಎಲೆ ಸಿಗುತ್ತೆ ಅನ್ನೋ ಆಸೆ. ಯಾವ ರಾಜ?

ಸಂಜೆಆಟ

ಆಟೀನು ರಾಜ.

ಕವುಚಿದಎಲೆ

ನನ್ನದೂ ಆಟೀನು ರಾಜನಿಗೇ ಓಟು. ಅವನು ಒಂದನೇ ಸಾಲಿಗೆ ಹೋದರೆ ಐದನೇದರಲ್ಲಿ ಒಂದು ಎಲೆ ತೆರೆಯಿತು. ಆಮೇಲೆ ಇಸ್ಪೀಟು ರಾಣಿಯನ್ನು ಗುಲಾಮನ ಸಮೇತ ಎತ್ತಿ ಅವನ ಮೇಲೆ ಕೂರಿಸಿ, ಮೂರನೇದರಲ್ಲಿ ಇನ್ನೊಂದು. ಎರಡು ನಡೆ, ಎರಡು ಹೊಸ ಎಲೆ. ಕಳಾವರ್ ರಾಜ ಬಂದರೆ ಅವನ ಮೇಲೆ ಕೂರೋಕೆ ಕೆಂಪು ರಾಣಿ ಬೇಕು, ಎಲ್ಲಿದ್ದಾಳೋ ಗೊತ್ತಿಲ್ಲ. ಗುಡ್ಡೆ ಸರಿಯೋ ಆಸೆ ಸರಿಯೇ, ಆದರೆ ಗುಡ್ಡೆ ಎಲ್ಲೂ ಓಡಿಹೋಗಲ್ಲ. ಅವನಿಗಿಂತ ಮೊದಲಿನ ಎಲೆ ಮುಟ್ಟದಿದ್ದರೆ ಮುಂದಿನ ಸುತ್ತಿನಲ್ಲೂ ಕಳಾವರ್ ರಾಜ ಅಲ್ಲೇ ಸಿಗ್ತಾನೆ.

ಹೊಸಎಲೆ

ಮಾಡಿದೆ. ಮೂರನೇ ಸಾಲಲ್ಲಿ ಕಳಾವರ್ ಎಕ್ಕ ಇತ್ತು!! ಅದನ್ನು ಮನೆಗೆ ಕಳಿಸಿದ ಮೇಲೆ ಅದರ ಕೆಳಗಿನದೂ ತೆರೆಯಿತು. ಮುಂದೆ ಆಡ್ತೀನಿ.

ನಾಲ್ಕುಗೂಡು

ಅದೃಷ್ಟದ ಪಾಲು ಕಡಿಮೆ ಇರೋ ಆಟ ಬೇಕಾದರೆ ಫ್ರೀಸೆಲ್ ನೋಡಿ. ನನಗೆ ಇದರ ಮೇಲೇ ಪ್ರೀತಿ. ಎಲ್ಲ 52 ಎಲೆಯೂ ಅಂಗಾತ. ಎಂಟು ಸಾಲು, ಮೊದಲ ನಾಲ್ಕಕ್ಕೆ ಏಳೇಳು, ಉಳಿದ ನಾಲ್ಕಕ್ಕೆ ಆರಾರು. ಕಟ್ಟು ಉಳಿಯೋದಿಲ್ಲ. ಮೇಲೆ ನಾಲ್ಕು ಮನೆ, ಪಕ್ಕದಲ್ಲಿ ನಾಲ್ಕು ಗೂಡು. ಒಂದು ಗೂಡಲ್ಲಿ ಯಾವುದಾದರೂ ಒಂದು ಎಲೆ ತಾತ್ಕಾಲಿಕವಾಗಿ ಇಡಬಹುದು. ಸಾಲು ಕಟ್ಟೋದು ಕ್ಲಾಂಡೈಕ್ ಥರಾನೇ, ಆದರೆ ಖಾಲಿ ಸಾಲಿಗೆ ಯಾವ ಎಲೆ ಬೇಕಾದರೂ ಹೋಗುತ್ತೆ.

ನಿಯಮದ ಪ್ರಕಾರ ಒಂದು ಸಲಕ್ಕೆ ಒಂದೇ ಎಲೆ. ಸರಪಳಿ ಸರಿಸಬೇಕಾದರೆ ಗೂಡುಗಳಲ್ಲಿ ಇಟ್ಟು ತೆಗೆದು ಮಾಡಬೇಕು. ಖಾಲಿ ಗೂಡಿಗೆ ಒಂದು ಕೂಡಿಸಿ, ಒಂದೊಂದು ಖಾಲಿ ಸಾಲಿಗೂ ಎರಡರಿಂದ ಗುಣಿಸಿ, ಅಷ್ಟು ಎಲೆ ಸರಿಸಬಹುದು. ಎರಡು ಗೂಡು ಖಾಲಿ, ಒಂದು ಸಾಲು ಖಾಲಿ ಅಂದರೆ ಆರು ಎಲೆ. ಆ ಖಾಲಿ ಸಾಲಿಗೇ ಸರಿಸೋದಾದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಆಗ ಮೂರೇ.

1978ರಲ್ಲಿ ಪಾಲ್ ಆಲ್ಫಿಲ್ ಇದನ್ನು ಪ್ಲೇಟೋ ಅನ್ನೋ ಕಂಪ್ಯೂಟರ್ ವ್ಯವಸ್ಥೆಗೆ ಬರೆದರು. ಮುಂದೆ ವಿಂಡೋಸಿನಲ್ಲಿ ಬಂದಾಗ ಆಟಗಳಿಗೆ 1ರಿಂದ 32,000ದವರೆಗೆ ಸಂಖ್ಯೆ ಇತ್ತು. ಅಷ್ಟರಲ್ಲಿ ಬಿಡಿಸಲಾಗದ್ದು ಒಂದೇ ಒಂದು, 11,982ನೇದು. ಅಂದರೆ ಇಲ್ಲಿ ಸೋತರೆ ಹೆಚ್ಚು ಕಮ್ಮಿ ದಾರಿ ಇತ್ತು, ನಮಗೆ ಕಾಣಲಿಲ್ಲ ಅಂತಲೇ. ನನಗೆ ಆ ಮಾತು ಬೇಸರ ತರಲ್ಲ, ಅದೇ ಎಲೆಗಳನ್ನು ಮತ್ತೆ ಹಾಸಿ ಕೂರೋ ಆಸೆ ಹುಟ್ಟಿಸುತ್ತೆ.

ಕೆಂಪುರಾಣಿ

ಅಮ್ಮ ದಣಿದಿದ್ದಾಗ ಫ್ರೀಸೆಲ್ ಬೇಡ. ಗಡಿಯಾರದ ಆಟ ಹೇಳಿಕೊಡಿ, ಯೋಚನೆಯೇ ಬೇಡ. ನಾಲ್ಕು ನಾಲ್ಕು ಎಲೆಯ 13 ಗುಡ್ಡೆ, ಎಲ್ಲ ಕವುಚಿ. ಹನ್ನೆರಡನ್ನು ಗಡಿಯಾರದ ಅಂಕಿಗಳ ಹಾಗೆ ಸುತ್ತ ಇಡಿ, ಒಂದು ನಡುವೆ. ನಡುವಿನ ಮೇಲಿನ ಎಲೆ ತೆರೆಯಿರಿ. ಐದು ಬಂದರೆ ಐದು ಗಂಟೆಯ ಗುಡ್ಡೆಯ ಅಡಿಗೆ ಅಂಗಾತ ಸೇರಿಸಿ, ಆ ಗುಡ್ಡೆಯ ಮೇಲಿನದು ತೆರೆಯಿರಿ. ಎಕ್ಕ ಒಂದು ಗಂಟೆ, ಗುಲಾಮ ಹನ್ನೊಂದು, ರಾಣಿ ಹನ್ನೆರಡು, ರಾಜ ನಡುವಿಗೆ. ನಾಲ್ಕನೇ ರಾಜ ಬಂದರೆ ಆಟ ನಿಂತಿತು. ಅಷ್ಟರಲ್ಲಿ ಎಲ್ಲ ತೆರೆದಿದ್ದರೆ ಗೆಲುವು.

ಲೆಕ್ಕದಮೇಷ್ಟ್ರು

ಗಡಿಯಾರದ ಆಟದಲ್ಲಿ ಗೆಲ್ಲುವ ಸಾಧ್ಯತೆ ಕರಾರುವಾಕ್ಕಾಗಿ 13ರಲ್ಲಿ 1. ಎಲೆಗಳು ತೆರೆಯುವ ಕ್ರಮ ಚೆನ್ನಾಗಿ ಕಲೆಸಿದ ಕಟ್ಟಿನ ಕ್ರಮದಂತೆಯೇ. ಕೊನೆಯ, 52ನೇ ಎಲೆ ರಾಜನಾಗಿದ್ದರೆ ಮಾತ್ರ ಗೆಲುವು. 52ರಲ್ಲಿ ರಾಜರು ನಾಲ್ವರು.

ಕಲೆಸುವುದೆಂದಾಗ ನೆನಪಾಯಿತು. ಗೆದ್ದ ಆಟದ ನಂತರ ಎಲೆಗಳು ಜಾತಿವಾರು ಜೋಡಿಸಿಕೊಂಡಿರುತ್ತವೆ. ಕಟ್ಟನ್ನು ಎರಡು ಮಾಡಿ, ಅಂಚುಗಳು ಒಂದರೊಳಗೊಂದು ಸೇರುವಂತೆ ಬಿಟ್ಟು ಕಲೆಸುವ ರೀತಿಯಲ್ಲಾದರೆ ಏಳು ಸಲ ಬೇಕು ಎಂದು ಬೇಯರ್ ಮತ್ತು ಡಯಾಕೋನಿಸ್ 1992ರಲ್ಲಿ ತೋರಿಸಿದರು. ಎರಡು ಮೂರು ಸಲ ಸಾಲದು. ಕೈಯಲ್ಲಿ ಹಾಗೆ ಬಿಡಲು ಬರದಿದ್ದರೆ ಮೇಜಿನ ಮೇಲೆ ಎಲ್ಲ ಎಲೆ ಹರಡಿ ಎರಡೂ ಕೈಯಿಂದ ಚೆನ್ನಾಗಿ ಕಲಕಿ, ತಾಯಿಯವರಿಗೆ ಅದು ಸುಲಭ.

ಹೊಸಎಲೆ

ಆ ಮೂರರ ಆಟ ಗೆಲ್ಲಲಿಲ್ಲ. ಎರಡು ಎಲೆ ಕವುಚಿ ಉಳಿದವು, ಎರಡೂ ಏಳನೇ ಸಾಲಲ್ಲಿ. ಹಳೇಕಟ್ಟು ಸರ್ ಮಾತು ಆಗ ನೆನಪಾಯ್ತು.

ಆದರೆ ಅಮ್ಮ ಇವತ್ತು ಮಧ್ಯಾಹ್ನ ಒಂದೊಂದೇ ಎಲೆಯ ಆಟ ಗೆದ್ದರು. ನಾನು ಕೆಲಸದಿಂದ ಬಂದಾಗ ನಾಲ್ಕು ರಾಜರು ನಾಲ್ಕು ಮನೆಯ ಮೇಲೆ ಕೂತಿದ್ದರು, ಎಲೆ ಎತ್ತದೆ ಹಾಗೇ ಇಟ್ಟುಕೊಂಡು ಕಾಯ್ತಿದ್ದರು. ಎರಡನೇ ಕಟ್ಟು ತರೋಕೆ ಹೇಳಿದ್ದಾರೆ, ಸ್ಪೈಡರ್ ಅನ್ನೋದು ಎರಡು ಕಟ್ಟಿನ ಆಟ ಅಂತ ಯಾರೋ ಹೇಳಿದರಂತೆ. ಹಾಸಿಗೆ ಮೇಲಿಡೋ ಸಣ್ಣ ಮೇಜಲ್ಲಿ ಹಿಡಿಯುತ್ತಾ?

ಹಳೇಕಟ್ಟು

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ, ಗೆದ್ದದ್ದು ಕೇಳಿ ಮನಸ್ಸು ತುಂಬಿತು. ಸ್ಪೈಡರ್‌ಗೆ 104 ಎಲೆ, ಹತ್ತು ಸಾಲು. ಶುರುವಿಗೇ 54 ಎಲೆ ಹಾಸಬೇಕು, ಆಮೇಲೆ ಹತ್ತು ಹತ್ತರಂತೆ ಐದು ಸಲ ಮೇಲೆ ಬೀಳುತ್ತೆ. ಸಣ್ಣ ಮೇಜಲ್ಲಿ ಹಿಡಿಯಲ್ಲ. ಕಾಲು ಚಾಚಿ ಊಟದ ಮೇಜಿನ ಹತ್ತಿರ ಕೂರೋ ಹಾಗಾದ ಮೇಲೆ ಶುರು ಮಾಡಲಿ. ಅಲ್ಲಿಯವರೆಗೆ ಇದೇ ಕ್ಲಾಂಡೈಕ್, ಮೂರು ಮೂರರದ್ದು.